ಬಾಲಕ್ಕೆ ಮೆತ್ತಿದ ರಕ್ತ

ಪುಣೆ–ಸೊಲ್ಲಾಪುರ ರಸ್ತೆಯಲ್ಲಿ ಉರುಳಿ ಕಾಂಚನದ ಹತ್ತಿರ ಒಳಗೆ ಹೊರಳಿದರೆ ಕಬ್ಬಿನ ನಡುವೆ ಗೋಠಾಗಳು, ಅಂದರೆ ದನದ ಕೊಟ್ಟಿಗೆಗಳು. ಈ ಗೋಠಾದಲ್ಲಿ ದನ ನೋಡಿಕೊಳ್ಳುವ ಸಂಸಾರ ಇಂಡಿ ಕಡೆಯದು. ಬೆಳಗಿನ ಆರು ಗಂಟೆ, ಹಾಲು ಕರೆಯುವ ಹೊತ್ತು. ಮೂಲೆಯಲ್ಲಿ ಕಟ್ಟಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಮಣಕದ, ಇನ್ನೂ ಕರು ಹಾಕದ ಎಳೆ ಹಸುವಿನ, ಬಾಲದ ಕುಚ್ಚಿಗೆ ಒಣಗಿದ ಲೋಳೆ, ಅದರೊಳಗೆ ಕೆಂಪು ಎಳೆ.

"ಡಾಕ್ಟರಕ್ಕ, ಮಣಕ ಮುಟ್ಟಾಗೇತ್ರಿ. ಈಗ ಇಂಜೆಕ್ಷನ್ ಮಾಡಿದ್ರ ಗಬ್ಬ ನಿಲ್ತೈತಲ್ರಿ?"

ನಿಲ್ಲುವುದಿಲ್ಲ. ಇಂಜೆಕ್ಷನ್ ಎಂದರೆ ಇಲ್ಲಿ ಕೃತಕ ಗರ್ಭಧಾರಣೆ. ಮಣಿಭಾಯಿ ದೇಸಾಯಿ ಇದೇ ಊರಲ್ಲಿ ದನದ ತಳಿ ಸುಧಾರಣೆಗೆ ಹೆಸರಾದ ಬೈಫ್ ಸಂಸ್ಥೆ ಕಟ್ಟಿದ್ದು 1967ರಲ್ಲಿ. ವೀರ್ಯದ ಕಡ್ಡಿ, ಅಂದರೆ ವೀರ್ಯ ತುಂಬಿದ ಸಣ್ಣ ಕೊಳವೆ, ಇಲ್ಲಿ ಯಾರಿಗೂ ಹೊಸದಲ್ಲ. ಎಡವುವುದು ಬೆದೆ ಗುರುತಿಸುವಲ್ಲಿ. ಹಸುವಿಗೆ ಮುಟ್ಟು ಎಂಬುದಿಲ್ಲ. ಬೆದೆಯ ಹೊತ್ತಿಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಏರಿ ಗರ್ಭಕೋಶದ ಒಳಪೊರೆಯ ಸಣ್ಣ ರಕ್ತನಾಳಗಳು ಉಬ್ಬಿರುತ್ತವೆ. ಅದು ಇಳಿದಾಗ ಕೆಲವು ಒಡೆದು ಜಿನುಗುತ್ತವೆ, ಅಷ್ಟೇ, ಒಳಪೊರೆ ಕಳಚುವುದಿಲ್ಲ. ಈ ರಕ್ತ ಕಾಣುವುದು ಬೆದೆ ಮುಗಿದ ಒಂದರಿಂದ ಮೂರು ದಿನದೊಳಗೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದ 10–12 ಗಂಟೆಗೆ. ಅಂದರೆ ಬಾಲದಲ್ಲಿ ಕೆಂಪು ಕಂಡಾಗ ಬಸ್ಸು ಹೋಗಿಯಾಗಿದೆ. ಮೊದಲೇ ಇಂಜೆಕ್ಷನ್ ಆಗಿದ್ದರೂ ಈ ರಕ್ತ ಗಬ್ಬ ನಿಂತಿದೆ ಎಂದೂ ಹೇಳುವುದಿಲ್ಲ, ನಿಂತಿಲ್ಲ ಎಂದೂ ಹೇಳುವುದಿಲ್ಲ. ಮಾಡಬೇಕಾದ್ದು ಒಂದೇ: ತಾರೀಖು ಬರೆದು, ಮುಂದಿನ ಬೆದೆಗಾಗಿ 17ನೇ ದಿನದಿಂದ ಬೆಳಿಗ್ಗೆ, ಸಂಜೆ, ರಾತ್ರಿ ಮಲಗುವ ಮುಂಚೆ ಕಣ್ಣಿಡುವುದು.

ಪಕ್ಕದ ಆಕಳು ನಿನ್ನೆ ಸಂಜೆ ಬೆದೆಗೆ ಬಂದದ್ದು. ಬೇರೆ ದನ ಮೈಮೇಲೆ ಹತ್ತಿದರೂ ಕದಲದೆ ನಿಂತಿತ್ತಂತೆ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅಂದೇ ಸಂಜೆ ಎಂಬುದು ಲೆಕ್ಕ. ಲೋಳೆ ಗಾಜಿನಷ್ಟು ತಿಳಿಯಾಗಿ ನೆಲದವರೆಗೆ ಇಳಿಬಿದ್ದಿತ್ತು. ಅದರಲ್ಲಿ ಬಿಳಿ ಚೂರು ಕಂಡಿದ್ದರೆ ಸೋಂಕು; ಆಗ ಕಡ್ಡಿ ಹಾಕುವುದಲ್ಲ, ಚಿಕಿತ್ಸೆ ಮಾಡುವುದು.

ದ್ರವಸಾರಜನಕದ ಕಂಟೇನರಿನಲ್ಲಿ ಮೈನಸ್ 196 ಡಿಗ್ರಿ. ಕಡ್ಡಿಗಳಿರುವ ಡಬ್ಬಿಯನ್ನು ಕಂಟೇನರಿನ ಕುತ್ತಿಗೆಗಿಂತ ಮೇಲೆ ಎತ್ತಬಾರದು. ಒಂದು ಕಡ್ಡಿ ಹುಡುಕುವ ಸಡಗರದಲ್ಲಿ ಉಳಿದ ಕಡ್ಡಿಗಳೆಲ್ಲ ಕೆಡುತ್ತವೆ. ತೆಗೆದ ಕಡ್ಡಿ ನೇರ 37 ಡಿಗ್ರಿಯ ನೀರಿಗೆ, 30 ಸೆಕೆಂಡು. ಥರ್ಮಾಮೀಟರ್ ಬೇಕೇ ಬೇಕು, ಬೆರಳದ್ದಿ ನೋಡುವುದು ಲೆಕ್ಕಕ್ಕಿಲ್ಲ. ಆಮೇಲೆ ಕಡ್ಡಿಯನ್ನು ಒರೆಸಿ ಒಣಗಿಸಬೇಕು, ಏಕೆಂದರೆ ಒಂದು ಹನಿ ನೀರು ಸೇರಿದರೂ ವೀರ್ಯಾಣು ಸಾಯುತ್ತವೆ. ಕಾರ್ಖಾನೆಯ ಬಿರಡೆ ಇರುವ ತುದಿ ಗನ್ನಿನ (ವೀರ್ಯ ಒಳಗೆ ಬಿಡುವ ಉದ್ದ ಕೊಳವೆಯ) ಒಳಗೆ, ಇನ್ನೊಂದು ತುದಿ ನೆಟ್ಟಗೆ ಕತ್ತರಿಸಬೇಕು. ಓರೆಯಾದರೆ ಹಿಂದಕ್ಕೆ ಸೋರುತ್ತದೆ. ಚಳಿಯಲ್ಲಿ ಗನ್ ತಣ್ಣಗಿದ್ದರೆ ಮೊದಲು ಉಜ್ಜಿ ಬಿಸಿ ಮಾಡಿಕೊಳ್ಳಬೇಕು.

ಎಡಗೈ ಗುದದ್ವಾರದೊಳಗೆ. ಗರ್ಭಕಂಠ ಕೋಳಿಯ ಕುತ್ತಿಗೆಯಂತೆ ಗಟ್ಟಿಯಾಗಿ ಸಿಗುತ್ತದೆ. ಗನ್ನನ್ನು ಮೊದಲು ಮೇಲ್ಮುಖವಾಗಿ ಒಯ್ಯಬೇಕು, ಇಲ್ಲದಿದ್ದರೆ ಮೂತ್ರನಾಳದ ಬಾಯಿಗೆ ತಗುಲುತ್ತದೆ. ಗರ್ಭಕಂಠದಲ್ಲಿ ಮೂರು ನಾಲ್ಕು ಬಳೆಗಳಿವೆ. ಗನ್ ತಳ್ಳುವುದಲ್ಲ, ಎಡಗೈಯಿಂದ ಗರ್ಭಕಂಠವನ್ನೇ ಗನ್ನಿನ ಮೇಲೆ ತೊಡಿಸುತ್ತ ಹೋಗಬೇಕು. ಕೊನೆಯ ಬಳೆ ದಾಟಿದ ತಕ್ಷಣ ನಿಲ್ಲಿಸಿ, ತುದಿಯನ್ನು ತೋರುಬೆರಳಿಗೆ ತಾಗಿಸಿ ನೋಡಿ, ಐದು ಸೆಕೆಂಡು ನಿಧಾನವಾಗಿ ಒತ್ತುವುದು. ಇನ್ನೂ ಮುಂದೆ ಹೋದರೆ ಗರ್ಭಕೋಶದ ಎರಡು ಕವಲುಗಳಲ್ಲಿ (ಕೊಂಬುಗಳಲ್ಲಿ) ಒಂದಕ್ಕೇ ಬೀಳುತ್ತದೆ, ಒಳಪೊರೆ ಗಾಯವಾಗುವ ಭಯವೂ ಉಂಟು.

ಕೈ ತೊಳೆಯಲು ನೀರು ಹನಿಸುತ್ತಿದ್ದ ಸೊಸೆ ದನಿ ತಗ್ಗಿಸಿ ಕೇಳಿದಳು: "ಅಕ್ಕಾರ, ನಮಗೂ ಹಿಂಗ ಏನ್ರಿ? ಮುಟ್ಟು ಮುಗಿದ ಮರುದಿನಾನೇ ಛಲೋ ಅಂತಾರ ನಮ್ಮತ್ತಿ."

ಅತ್ತೆಯ ಲೆಕ್ಕ ಮನುಷ್ಯರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಹೆಂಗಸಿನಲ್ಲಿ ರಕ್ತ ಬರುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿದು ಒಳಪೊರೆ ಕಳಚಿದಾಗ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು: 28 ದಿನದ ಚಕ್ರವಾದರೆ 14ನೇ ದಿನದ ಆಸುಪಾಸು, 35 ದಿನದ್ದಾದರೆ 21ರ ಆಸುಪಾಸು. ವೀರ್ಯಾಣು ಐದು ದಿನದವರೆಗೆ ಬದುಕೀತು, ಅಂಡ ಒಂದೇ ದಿನ. ಹಾಗಾಗಿ ಅಂಡ ಬಿಡುಗಡೆಗೂ ಮುಂಚಿನ ನಾಲ್ಕೈದು ದಿನ ಮುಖ್ಯ. ಅವಳದು ಒಮ್ಮೆ 30 ದಿನ, ಒಮ್ಮೆ 40. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ತೋರಿಸಿಕೊಳ್ಳಬೇಕು. ಚಕ್ರ ಹೀಗೆ ಏರುಪೇರಾಗಿದ್ದರೆ ವರ್ಷ ಕಾಯುವುದೂ ಬೇಡ. ಗಂಡನ ವೀರ್ಯಪರೀಕ್ಷೆ ಮೊದಲು, ಅದು ಸುಲಭ. ಹೇಳಿದ್ದಕ್ಕೆ ಅವಳು ನಕ್ಕು ಹಟ್ಟಿಯ ಕಡೆ ನೋಡಿದಳು.

ಬಾಗಿಲಲ್ಲಿ ಕಟ್ಟಿದ್ದ ಹೆಣ್ಣುನಾಯಿಗೂ ರಕ್ತ. ಅಲ್ಲಿ ಲೆಕ್ಕ ಮತ್ತೆ ತಿರುವುಮುರುವು: ಈಸ್ಟ್ರೋಜನ್ ಏರುವಾಗ, ಬೆದೆಗೆ ಮುಂಚೆಯೇ ರಕ್ತ, ಸರಾಸರಿ ಒಂಬತ್ತು ದಿನ. ಆಮೇಲೆ ರಕ್ತ ತಿಳಿಯಾಗುತ್ತದೆ, ಗಂಡಿಗೆ ಒಪ್ಪುವ ಒಂಬತ್ತು ದಿನ ಶುರುವಾಗುತ್ತದೆ. ಜನ ಮಾಡುವುದೇನು? ರಕ್ತ ಇರುವಷ್ಟು ದಿನ ಕಟ್ಟಿಹಾಕಿ, ನಿಂತ ಮೇಲೆ ಬಿಚ್ಚಿಬಿಡುತ್ತಾರೆ. 63 ದಿನಕ್ಕೆ ಆರು ಮರಿ.

"ಇದನ್ನ ನಾಳೆ ಬಿಡಬೇಕಂತ ಮಾಡಿದ್ದೆವ್ರಿ," ಎಂದ ಅವಳ ಗಂಡ, ಹಗ್ಗಕ್ಕೆ ಇನ್ನೊಂದು ಗಂಟು ಹಾಕುತ್ತ.