ಜೇನ್‌ವೇ ಒಳ್ಳೆಯ ಕ್ಯಾಪ್ಟನ್ನಾ? ಇದನ್ನು ಓದಿ, ಇನ್ನು ನನ್ನನ್ನು ಕೇಳಬೇಡಿ

ಒಳ್ಳೆಯ ಕ್ಯಾಪ್ಟನ್. ಟೂವಿಕ್ಸ್ ವಿಷಯದಲ್ಲಿ ಅವಳು ಮಾಡಿದ್ದು ಕೊಲೆ. ಇವೆರಡೂ ಸೇರಿ ನನ್ನ ಉತ್ತರ. ಒಂದನ್ನು ಮಾತ್ರ ಎತ್ತಿಕೊಂಡು ಹೋಗಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಟೀಚರೇ ಹೇಳಿದ್ದಾರೆ" ಅಂತ ಹಾಕಬೇಡಿ.

ಗೊತ್ತಿಲ್ಲದವರಿಗಾಗಿ ಕಥೆ ಇಷ್ಟು. 'ಸ್ಟಾರ್ ಟ್ರೆಕ್: ವಾಯೇಜರ್' 1995ರಿಂದ 2001ರವರೆಗೆ ಏಳು ಸೀಸನ್ ಬಂದ ಅಮೆರಿಕದ ಸೀರಿಯಲ್. ಕೇರ್‌ಟೇಕರ್ ಎಂಬ ಅನ್ಯಲೋಕದ ಜೀವಿ ವಾಯೇಜರ್ ನೌಕೆಯನ್ನು ಎಳೆದು 70,000 ಜ್ಯೋತಿರ್ವರ್ಷ ದೂರಕ್ಕೆ ತಂದು ಹಾಕುತ್ತದೆ. ಪೂರ್ತಿ ವೇಗದಲ್ಲಿ ಹೊರಟರೂ ಮನೆ ತಲುಪಲು 75 ವರ್ಷ ಬೇಕು. ಅದರ ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ. ಪಾತ್ರ ಮಾಡಿದವರು ಕೇಟ್ ಮಲ್‌ಗ್ರೂ. ಸ್ಟಾರ್ ಟ್ರೆಕ್ ಸೀರಿಯಲ್‌ಗಳಲ್ಲಿ ಮುಖ್ಯ ಪಾತ್ರವಾಗಿ ಬಂದ ಮೊದಲ ಮಹಿಳಾ ಕ್ಯಾಪ್ಟನ್ ಇವಳೇ.

ಎರಡನೇ ಸೀಸನ್ನಿನಲ್ಲಿ ಒಂದು ಅಪಘಾತವಾಗುತ್ತದೆ. ಟೂವಾಕ್ ಮತ್ತು ನೀಲಿಕ್ಸ್ ಎಂಬ ಇಬ್ಬರು ಸಿಬ್ಬಂದಿ, ಜನರನ್ನು ಕ್ಷಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಟ್ರಾನ್ಸ್‌ಪೋರ್ಟರ್ ಯಂತ್ರದಲ್ಲಿ ಬರುವಾಗ, ಜೊತೆಗಿದ್ದ ಒಂದು ಹೂವಿನ ದೆಸೆಯಿಂದ ಇಬ್ಬರೂ ಬೆರೆತು ಒಬ್ಬನೇ ಮನುಷ್ಯನಾಗುತ್ತಾರೆ. ಅವನೇ ಟೂವಿಕ್ಸ್. ಬುದ್ಧಿವಂತ, ಎಲ್ಲರಿಗೂ ಇಷ್ಟವಾದವನು. ಕೆಲವು ವಾರ ಕಳೆದ ಮೇಲೆ ಇಬ್ಬರನ್ನೂ ಬೇರೆ ಮಾಡುವ ದಾರಿ ಸಿಗುತ್ತದೆ. ಆದರೆ ಮಾಡಿದರೆ ಟೂವಿಕ್ಸ್ ಇರುವುದಿಲ್ಲ. ಅವನು "ನನಗೆ ಬದುಕಬೇಕು" ಅನ್ನುತ್ತಾನೆ. ಎಲ್ಲರ ಮುಖ ನೋಡುತ್ತಾನೆ, ಒಬ್ಬರೂ ಅವನ ಪರ ನಿಲ್ಲುವುದಿಲ್ಲ. ಡಾಕ್ಟರ್ ಮಾತ್ರ ನನ್ನಿಂದಾಗದು ಅನ್ನುತ್ತಾನೆ. ಆಗ ಜೇನ್‌ವೇ ತಾನೇ ಯಂತ್ರದ ಮುಂದೆ ನಿಂತು ಆ ಕೆಲಸ ಮುಗಿಸುತ್ತಾಳೆ.

ಇದಾಗಿ ಎಷ್ಟೋ ವರ್ಷ ಆಯಿತು. ಜಗಳ ಇನ್ನೂ ಮುಗಿದಿಲ್ಲ. ಊರಲ್ಲಿ ಈ ಸೀರಿಯಲ್ ಪೂರ್ತಿ ನೋಡಿದವಳು ನಾನೊಬ್ಬಳೇ ಎಂಬ ಹೆಸರು ಬಂದುಬಿಟ್ಟಿದೆ. ಹಾಗಾಗಿ ಈಗಷ್ಟೇ ನೋಡಲು ಶುರು ಮಾಡಿದವರೆಲ್ಲ ಈ ಎಪಿಸೋಡ್ ಮುಗಿದ ಕೂಡಲೇ ನನ್ನ ಹತ್ತಿರ ಬರುತ್ತಾರೆ. ಸ್ಟಾಫ್ ರೂಮಿನಲ್ಲಿ, ಮಂಗಳೂರು ಬಸ್ಸಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ.

ಅದರಲ್ಲೂ ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರ ಆದ ಒಂದು ಮದುವೆ ನನಗೆ ಮರೆಯುವ ಹಾಗಿಲ್ಲ. ಊಟಕ್ಕೆ ಎರಡನೇ ಹಂತಿಯಲ್ಲಿ ಕೂತಿದ್ದೆ. ಎದುರು ಸಾಲಿನಲ್ಲಿ ದೂರದ ಸಂಬಂಧದ ಒಬ್ಬರು ಭಾವ. ಬೆಂಗಳೂರಿನ ಯಾವುದೋ ಕಂಪೆನಿಯಲ್ಲಿ ಮ್ಯಾನೇಜರ್. ಅಲ್ಲಿಂದಲೇ ಕೂಗಿದರು. "ಅತ್ತಿಗೇ, ನೀವು ವಾಯೇಜರ್ ಪೂರ್ತಿ ನೋಡಿದ್ದೀರಂತಲ್ಲ. ಆ ಹೆಂಗಸು ಕ್ಯಾಪ್ಟನ್ ಆಗಿ ಪಾಸಾ, ಫೇಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಚೂರ್ಣಿಕೆ, ಅಂದರೆ ಊಟದ ನಡುವೆ ಹೇಳುವ ಶ್ಲೋಕ, ಶುರು ಮಾಡಿದರು. ಅದು ಮುಗಿದು ಎಲ್ಲರೂ "ಹರಹರ ಮಹಾದೇವ" ಅಂದರು. ಇನ್ನೇನು ಹೇಳೋಣ ಅಂದರೆ ಇನ್ನೊಬ್ಬರು ಶುರು. ಭಾವನಿಗೆ ತಾಳ್ಮೆ ಇಲ್ಲ. ಬಲಗೈ ಎಂಜಲು. ಹಾಗಾಗಿ ಎಡಗೈಯ ಹೆಬ್ಬೆರಳನ್ನು ಒಮ್ಮೆ ಮೇಲೆ ಮಾಡಿದರು, ಒಮ್ಮೆ ಕೆಳಗೆ ಮಾಡಿದರು, ಹುಬ್ಬು ಹಾರಿಸಿದರು. ಬಡಿಸುವ ಹುಡುಗ ಹೋಳಿಗೆ ಹಾಕಿ "ತುಪ್ಪವಾ, ಕಾಯಿಹಾಲಾ?" ಅಂತ ನಿಂತಿದ್ದ. ನಾನು ಕಾಯಿಹಾಲು ಅಂದೆ. ಆ ದಿನ ನಾನು ಕೊಟ್ಟ ಉತ್ತರ ಅದೊಂದೇ.

ನನಗೆ ಸಿಟ್ಟು ಬರಿಸುವುದು ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ. ಒಂದನೆಯದು, "ಆ ಹೆಂಗಸು". ಹಿಂದಿನ ಸ್ಟಾರ್ ಟ್ರೆಕ್ ಸೀರಿಯಲ್ಲಿನ ಕ್ಯಾಪ್ಟನ್ ಕರ್ಕ್ ಬಗ್ಗೆ ಕೇಳುವಾಗ "ಆ ಗಂಡಸು" ಅಂತ ಯಾರೂ ಶುರು ಮಾಡಿದ್ದನ್ನು ನಾನು ಕಾಣೆ. ಕರ್ಕ್ ನಿಯಮ ಮುರಿದರೆ ಧೈರ್ಯ. ಇನ್ನೊಬ್ಬ ಕ್ಯಾಪ್ಟನ್ ಪಿಕಾರ್ಡ್ ನಿಯಮ ಹಿಡಿದು ಕೂತರೆ ತತ್ವ. ಇವಳು ಒಂದು ದಿನ ಮುರಿದು ಒಂದು ದಿನ ಹಿಡಿದರೆ ಚಂಚಲ ಬುದ್ಧಿ. ಅವಳು ಒಂದೊಂದು ವಾರ ಒಂದೊಂದು ಥರ ಇರುತ್ತಾಳೆ ಎಂಬುದು ಸುಳ್ಳಲ್ಲ. ಅದಕ್ಕೆ ಬರೆದವರನ್ನು ಹಿಡಿಯಿರಿ.

ಎರಡನೆಯದು ಈ ಪಾಸು-ಫೇಲು. ಬೇರೆ ಊರಿನವರು ಹೀಗೆ ಕೇಳಿದರೆ ಬಿಟ್ಟುಬಿಡಬಹುದು. ಆದರೆ ಇದು ವೇಷ ಹಾಕದೆ ಕೂತು ಮಾತಿನಲ್ಲೇ ವಾದ ನಡೆಸುವ ತಾಳಮದ್ದಳೆಯ ಊರು ಮಾರಾಯ್ರೆ! ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್ಟಿನಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದವರು ನಾವು. ಬಾಣ ತಾಗಿ ಬಿದ್ದ ವಾಲಿ "ಮರೆಯಲ್ಲಿ ನಿಂತು ಯಾಕೆ ಹೊಡೆದೆ?" ಅಂತ ರಾಮನನ್ನೇ ಬೆವರಿಳಿಸುವಾಗ ತಲೆದೂಗುತ್ತೇವೆ. ರಾಮ ಉತ್ತರ ಕೊಟ್ಟಾಗ ಅದಕ್ಕೂ ತಲೆದೂಗುತ್ತೇವೆ. ಬೆಳಗಿನ ಜಾವ ಎದ್ದು ಹೋಗುವಾಗ ಒಬ್ಬನಾದರೂ "ಹಾಗಾದ್ರೆ ರಾಮ ಪಾಸಾ ಫೇಲಾ?" ಅಂತ ಕೇಳುತ್ತಾನಾ? ಭಾವನೂ ಅಂಥ ಕೂಟಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವರೇ. ಜೇನ್‌ವೇ ಅಂದ ಕೂಡಲೇ ಯಾಕೆ ಹೆಬ್ಬೆರಳು?

ಟೂವಿಕ್ಸ್ ಬಗ್ಗೆ ಇನ್ನೊಂದೇ ಮಾತು ಹೇಳಿ ಮುಗಿಸುತ್ತೇನೆ. ಅವಳು ಡಾಕ್ಟರ್‌ಗೆ "ಇದು ಆಜ್ಞೆ" ಅನ್ನಬಹುದಿತ್ತು. ಅನ್ನಲಿಲ್ಲ. ತನ್ನ ಕೈಯಿಂದಲೇ ಮಾಡಿದಳು. ಅದರಿಂದ ಕೊಲೆ ಪುಣ್ಯವಾಗುವುದಿಲ್ಲ. ಆದರೆ ಕೆಟ್ಟ ಕೆಲಸವನ್ನು ಕೆಳಗಿನವರ ಕೈಯಲ್ಲಿ ಮಾಡಿಸಿ, ಆಮೇಲೆ ತನಿಖೆಗೆ ಆದೇಶ ಕೊಡುವ ಮೇಲಧಿಕಾರಿಗಳನ್ನು ನೋಡಿದವರಿಗೆ ಅದರ ಬೆಲೆ ಗೊತ್ತು.

ಅವಳನ್ನು ಬೈಯಲೇಬೇಕು ಅಂದರೆ ನಾನು ಬೇರೆ ಎಪಿಸೋಡ್ ತೋರಿಸುತ್ತೇನೆ. 1999ರಲ್ಲಿ ಬಂದ 'ಈಕ್ವಿನಾಕ್ಸ್'. ಬೇಗ ಮನೆ ತಲುಪುವ ಆಸೆಗೆ ಬೇರೆ ಜೀವಿಗಳನ್ನು ಕೊಂದು ಇಂಧನ ಮಾಡಿಕೊಂಡ ಇನ್ನೊಂದು ನೌಕೆ, ಅದರ ಕ್ಯಾಪ್ಟನ್ ರ‍್ಯಾನ್ಸಮ್. ಅವನನ್ನು ಹಿಡಿಯುವ ಹಟದಲ್ಲಿ ಜೇನ್‌ವೇ ಒಬ್ಬ ಸೆರೆಯಾಳನ್ನು ಕೋಣೆಯಲ್ಲಿ ಕಟ್ಟಿಹಾಕಿ, ಆ ಜೀವಿಗಳು ಬಂದು ಕೊಲ್ಲಲಿ ಅಂತ ರಕ್ಷಣೆ ತೆಗೆಸುತ್ತಾಳೆ. ಬಾಯಿಬಿಡಿಸಲು. ಅಡ್ಡ ಬಂದ ತನ್ನ ಎರಡನೇ ಅಧಿಕಾರಿ ಚಕೋಟೆಯನ್ನು ಕೆಲಸದಿಂದಲೇ ಇಳಿಸುತ್ತಾಳೆ. ಟೂವಿಕ್ಸ್ ದಿನ ಅವಳ ಮುಂದೆ ಎರಡು ಜೀವಗಳಿದ್ದವು. ಇಲ್ಲಿ ಇದ್ದದ್ದು ಬರೀ ಸಿಟ್ಟು. ನನ್ನ ಲೆಕ್ಕದಲ್ಲಿ ಅವಳ ಅತಿ ಕೆಟ್ಟ ದಿನ ಇದೇ. ಇದರ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಎಲ್ಲರಿಗೂ ಟೂವಿಕ್ಸೇ ಬೇಕು.

ಅಸಲಿಗೆ ಆ ಸೀರಿಯಲ್‌ನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಮೊದಲ ಎಪಿಸೋಡಿನಲ್ಲೇ ಒಬ್ಬಳು ಕೇಳಿಯಾಗಿದೆ. ಆ ನೌಕೆಯನ್ನು ಮನೆಗೆ ವಾಪಸ್ ಕಳಿಸಬಲ್ಲ ಒಂದೇ ಒಂದು ಯಂತ್ರ ಇರುತ್ತದೆ. ಅದು ದುಷ್ಟರ ಕೈಗೆ ಸಿಕ್ಕರೆ ಅಲ್ಲಿನ ಒಕಾಂಪ ಎಂಬ ಸಾಧು ಜನ ನಾಶವಾಗುತ್ತಾರೆ. ಜೇನ್‌ವೇ ಅದನ್ನು ಸ್ಫೋಟಿಸಿಬಿಡುತ್ತಾಳೆ. ಅಂದರೆ ಎಲ್ಲರ ಮನೆಯ ದಾರಿ ಮುಚ್ಚುತ್ತಾಳೆ. ಆಗ ಬೆಲಾನಾ ಟೊರೆಸ್ ಕೇಳುತ್ತಾಳೆ: ನಮ್ಮೆಲ್ಲರ ಪರವಾಗಿ ತೀರ್ಮಾನ ಮಾಡಲು ಇವಳ್ಯಾರು? ಚಕೋಟೆ ಅನ್ನುತ್ತಾನೆ: ಅವಳು ಕ್ಯಾಪ್ಟನ್.

ಟೊರೆಸ್, ಚಕೋಟೆ ಇಬ್ಬರೂ ಜೇನ್‌ವೇ ಕಡೆಯವರಲ್ಲ. ಅವರು ಮಾಕೀಗಳು. ಅವರು ಯಾರು ಅಂದರೆ, ಜೇನ್‌ವೇ ಕಡೆಯ ಗ್ರಹಗಳ ಒಕ್ಕೂಟವಾದ ಫೆಡರೇಶನ್ ಮತ್ತು ಅದರ ವೈರಿಗಳಾಗಿದ್ದ ಕಾರ್ಡೇಶಿಯನ್ನರು ಶಾಂತಿ ಒಪ್ಪಂದ ಮಾಡಿಕೊಂಡು ನಕ್ಷೆಯಲ್ಲಿ ಹೊಸ ಗಡಿ ಎಳೆದರು. ಕೆಲವು ಊರುಗಳು ಗೆರೆಯ ಆಚೆ ಬಿದ್ದವು. ಅಲ್ಲಿಯವರಿಗೆ ಜಾಗ ಖಾಲಿ ಮಾಡಿ ಅಂದರು. ಮಾಡದೆ ಉಳಿದವರಲ್ಲಿ ಕೆಲವರು ಬಂದೂಕು ಹಿಡಿದರು. ಅವರೇ ಮಾಕೀಗಳು. ಜೇನ್‌ವೇ ಹೊರಟದ್ದೇ ಅವರನ್ನು ಹಿಡಿಯಲು. ಈಗ ಅವರ ಹಡಗು ಹೋಗಿದೆ, ಹಿಡಿಯಲು ಬಂದವಳ ಹಡಗಿನಲ್ಲೇ ಅವರು ಕೂತಿದ್ದಾರೆ.

ಟೊರೆಸ್ ಆ ಮಾತು ಹೇಳಿದಾಗ ನಾನು ನೆಟ್ಟಗೆ ಎದ್ದು ಕೂತೆ. ಕಾಸರಗೋಡಿನವಳು, ಏನು ಮಾಡಲಿ? 1956ರ ಅಕ್ಟೋಬರ್ 31ರ ರಾತ್ರಿ ನಮ್ಮ ಅಜ್ಜ ಮಲಗಿದ್ದು ಮದ್ರಾಸ್ ರಾಜ್ಯದಲ್ಲಿ. ಮರುದಿನ ಎದ್ದದ್ದು ಕೇರಳದಲ್ಲಿ. ಅಡಿಕೆ ತೋಟ ಅಲ್ಲೇ ಇತ್ತು, ಸುರಂಗದ ನೀರು ಅಲ್ಲೇ ಬರುತ್ತಿತ್ತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗ ಬರೆಯಿತು. ಬರೆದದ್ದು ಬರೆದಲ್ಲೇ ಉಳಿಯಿತು. ನಾವು ಬಂದೂಕು ಹಿಡಿಯಲಿಲ್ಲ, ಮನವಿ ಪತ್ರ ಹಿಡಿದೆವು. ಹಾಗಾಗಿ ಹೋಲಿಕೆ ಅಲ್ಲಿಗೇ ಸಾಕು. ಆದರೆ ಗೆರೆ ಎಳೆದ ಮೇಲೆ ಅದರೊಳಗೆ ಸಿಕ್ಕವರನ್ನು ಹೇಗೆ ನಡೆಸಿಕೊಂಡರು ಅನ್ನುವುದು ನನಗೆ ಸುಮ್ನೆ ಟೈಂಪಾಸ್ ಪ್ರಶ್ನೆ ಅಲ್ಲ. ನಾಯಕತ್ವದ ಬಗ್ಗೆ ಕೇಳಬೇಕಾದ್ದು ಅದನ್ನೇ ಅಲ್ವಾ?

ಕೇಳಿದ್ದರೆ ನನ್ನ ಹತ್ತಿರ ಹೇಳಲು ಬೇಕಾದಷ್ಟಿತ್ತು. ಮೊದಲ ಸೀಸನ್ನಿನ 'ಪ್ಯಾರಲ್ಯಾಕ್ಸ್' ನೋಡಿ. ಎಂಜಿನ್ ರೂಮಿಗೆ ಮುಖ್ಯಸ್ಥರು ಬೇಕು. ನಮ್ಮ ಪಿಎಸ್‌ಸಿ ಭಾಷೆಯಲ್ಲಿ ಹೇಳುವುದಾದರೆ ರ‍್ಯಾಂಕ್ ಲಿಸ್ಟಿನಲ್ಲಿ ಮೊದಲಿದ್ದವನು ಕ್ಯಾರಿ. ಸ್ಟಾರ್‌ಫ್ಲೀಟ್‌ನವನು, ಅಂದರೆ ಫೆಡರೇಶನ್ನಿನ ನೌಕಾಪಡೆಯವನು, ಒಳ್ಳೆಯವನು, ನಿಯಮ ಗೊತ್ತಿದ್ದವನು. ಟೊರೆಸ್ ಜಗಳದಲ್ಲಿ ಅವನ ಮೂಗು ಮುರಿದಿದ್ದಾಳೆ. ಚಕೋಟೆ ಅವಳ ಹೆಸರನ್ನೇ ಹೇಳುತ್ತಾನೆ. ಜೇನ್‌ವೇಗೆ ಇಷ್ಟವಿಲ್ಲ. ಟೊರೆಸ್‌ಳನ್ನು ಕರೆದು ಮಾತಾಡಿದರೆ ಅವಳು ರೇಗಿ ಎದ್ದು ಹೋಗುತ್ತಾಳೆ. ಆಮೇಲೆ ನೌಕೆ ಅಪಾಯಕ್ಕೆ ಸಿಕ್ಕಾಗ ಇಬ್ಬರೂ ಸೇರಿ ಲೆಕ್ಕ ಬಿಡಿಸುತ್ತಾರೆ. ಒಬ್ಬಳು ಅರ್ಧ ಹೇಳಿದ ವಾಕ್ಯವನ್ನು ಇನ್ನೊಬ್ಬಳು ಮುಗಿಸುತ್ತಾಳೆ. ಕೊನೆಗೆ ಕೆಲಸ ಟೊರೆಸ್‌ಗೇ ಸಿಗುತ್ತದೆ. ಅದು ದಯೆಯಿಂದಲ್ಲ, "ಪಾಪ, ಅವರಿಗೂ ಒಂದು ಸೀಟು ಇರಲಿ" ಅಂತಲೂ ಅಲ್ಲ. ಎಂಜಿನ್ ಅವಳಿಗೆ ಜಾಸ್ತಿ ಗೊತ್ತಿತ್ತು, ಅಷ್ಟೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮೀಡಿಯಂ ಕ್ಲಾಸಿಗೆ ಹಾಕಿದ್ದನ್ನು ಕಂಡ ನಮ್ಮಂಥವರಿಗೆ ಆ ಸೀನ್ ಬೇರೆಯೇ ರುಚಿ ಕೊಡುತ್ತದೆ.

ಹಾಗಂತ ಅವಳಿಗೆ ಹಾರ ಹಾಕುವುದೂ ಬೇಡ. ಕಾಲರ್ ನೋಡಿದ್ದೀರಾ? ಸ್ಟಾರ್‌ಫ್ಲೀಟ್ ಅಧಿಕಾರಿಗಳ ಕಾಲರಿನಲ್ಲಿ ದುಂಡನೆಯ ಸಣ್ಣ ಬಿಲ್ಲೆಗಳು. ಚಕೋಟೆ ಮತ್ತು ಟೊರೆಸ್‌ರ ಕಾಲರಿನಲ್ಲಿ ಉದ್ದನೆಯ ಒಂದು ಪಟ್ಟಿ. ಅಂದರೆ ತಾತ್ಕಾಲಿಕ ಪದವಿ. ನೌಕೆಯಲ್ಲಿ ಎರಡನೇ ಸ್ಥಾನದ ಮನುಷ್ಯ ಏಳು ವರ್ಷ ಟೆಂಪರರಿಯಾಗಿಯೇ ಉಳಿದ. ಹ್ಯಾರಿ ಕಿಮ್ ಎಂಬ ಕಿರಿಯ ಅಧಿಕಾರಿಗೆ ಏಳು ವರ್ಷದಲ್ಲಿ ಒಂದು ಪ್ರಮೋಷನ್ ಇಲ್ಲ ಅಂತ ಎಲ್ಲರೂ ಅಳುತ್ತಾರೆ. ಈ ಪಟ್ಟಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲಿ ದಿನಗೂಲಿ ಟೀಚರ್ ಆಗಿ ದುಡಿದವರನ್ನು ಕೇಳಿ, ತಟ್ಟನೆ ತೋರಿಸುತ್ತಾರೆ.

ಆದರೂ ನಾನು ಒಳ್ಳೆಯ ಕ್ಯಾಪ್ಟನ್ ಅನ್ನುವುದು ಎರಡನೇ ಸೀಸನ್ನಿನ ಮೊದಲ ಎಪಿಸೋಡಿನಿಂದ. ಅಷ್ಟು ದೂರದಲ್ಲೂ ಮನುಷ್ಯರೇ ಕಟ್ಟಿದ ಊರುಗಳಿರುವ ಒಂದು ಗ್ರಹ ಸಿಗುತ್ತದೆ. ಚಂದದ ಜಾಗ, "ಬನ್ನಿ, ಇಲ್ಲೇ ಇರಿ" ಅನ್ನುವ ಜನ. ಜೇನ್‌ವೇ ಒಬ್ಬೊಬ್ಬರಿಗೂ ಆಯ್ಕೆ ಕೊಡುತ್ತಾಳೆ. ಇರುವವರು ಸರಕಿನ ಕೋಣೆಗೆ ಬನ್ನಿ ಅನ್ನುತ್ತಾಳೆ. ನೂರಕ್ಕಿಂತ ಕಡಿಮೆ ಜನ ಉಳಿದರೆ ನೌಕೆ ನಡೆಯುವುದೇ ಕಷ್ಟ ಅಂತ ಗೊತ್ತಿದ್ದೂ ಕೇಳುತ್ತಾಳೆ. ಹೋಗಿ ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ.

ಇದು ಟಿವಿಯವರ ಸಕ್ಕರೆ ಪಾಕ. ಒಂದು ಹತ್ತು ಮಾಕೀಗಳಾದರೂ ಗಂಟುಮೂಟೆ ಹಿಡಿದು ನಿಂತಿದ್ದರೆ ನಾನು ಜಾಸ್ತಿ ನಂಬುತ್ತಿದ್ದೆ. ಆದರೆ ಅವರು ಏನು ಉತ್ತರ ಕೊಟ್ಟರು ಅನ್ನುವುದು ನನಗೆ ದೊಡ್ಡದಲ್ಲ. ಅವಳು ಕೇಳಿದಳು. ತಡವಾಗಿ ಕೇಳಿದಳು, ಮನೆಯ ದಾರಿ ತಾನೇ ಮುಚ್ಚಿದ ಮೇಲೆ ಕೇಳಿದಳು, ಸರಿ. ಆದರೂ ಬಾಯಿಬಿಟ್ಟು ಕೇಳಿದಳು. ನಮ್ಮ ಅಜ್ಜನನ್ನು ಯಾರೂ ಕೇಳಿರಲಿಲ್ಲ.

ಇನ್ನು ಅವಳು ಉತ್ತರ ಕೊಡದೆ ಜಾರಿಕೊಂಡ ಒಂದು ಪ್ರಶ್ನೆ ಉಂಟು. 'ಪ್ಯಾರಲ್ಯಾಕ್ಸ್' ಕೊನೆಯಲ್ಲಿ ಚಕೋಟೆ ಕೇಳುತ್ತಾನೆ. ಉಳಿದದ್ದು ನಮ್ಮ ಮಾಕೀ ಹಡಗಾಗಿದ್ದರೆ ನೀನು ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದೆಯಾ? ಜೇನ್‌ವೇ ನಗುತ್ತಾಳೆ. ಕ್ಯಾಪ್ಟನ್ ಆಗಿರುವುದರಲ್ಲಿ ಒಂದು ಸುಖ ಅಂದರೆ ಕೆಲವು ಸಂಗತಿ ತನ್ನಲ್ಲೇ ಇಟ್ಟುಕೊಳ್ಳಬಹುದು, ಅನ್ನುವ ಅರ್ಥದ ಮಾತು ಹೇಳಿ ಹೊರಡುತ್ತಾಳೆ. ಭಾವ ಆ ದಿನ ಇದನ್ನು ಕೇಳಿದ್ದರೆ ಹೋಳಿಗೆ ಬಿಟ್ಟು ಎದ್ದು ಹೋಗಿ ಪಕ್ಕದಲ್ಲೇ ಕೂರುತ್ತಿದ್ದೆ.

ನನ್ನ ಪ್ರಕಾರ ಮೊದಲ ವರ್ಷ ಮಾಡುತ್ತಿರಲಿಲ್ಲ. ನಿಯಮ, ಸಮವಸ್ತ್ರ, ಮೇಲಿನವರು ಅಂತ ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಏಳನೇ ವರ್ಷಕ್ಕಾಗುವಾಗ ಮಾಡುತ್ತಿದ್ದಳು. ದಿನಕ್ಕೆ ಮೂರು ಸಲ ಅವನ ಕೋಣೆಗೆ ಹೋಗಿ ಜಗಳ ಮಾಡಿಕೊಂಡು.