“ರೀಡ್-ಓನ್ಲಿ ಹಾಕಿಯೇ ಮೌಂಟ್ ಮಾಡಿದ್ದೆ ಸರ್”

ಈ ವಾರ ನಮ್ಮ ಆಫೀಸಿನ ಹುಡುಗನೊಬ್ಬ ಹೇಳಿದ ಮಾತು ಇದು. ರೀಡ್-ಓನ್ಲಿ ಮೌಂಟ್ ಅಂದರೆ ಡಿಸ್ಕಿನ ಭಾಗವೊಂದನ್ನು ಓದಲಷ್ಟೇ ತೆರೆಯುವುದು. ಇನ್ನೂ ಕಿವಿಯಲ್ಲೇ ಇದೆ. ಅವನ ಉಬುಂಟು ಯಂತ್ರದ ಐದನೇ ಪಾರ್ಟಿಷನ್ನಿನಲ್ಲಿ (ಡಿಸ್ಕಿನ ಒಂದು ವಿಭಾಗ) ಇನ್ನೊಂದು ಲಿನಕ್ಸ್ ಆದ ಹಳೆಯ ಡೆಬಿಯನ್ ಇದೆ. ಪದೇ ಪದೇ ರೀಬೂಟ್ ಮಾಡುವ ತಾಪತ್ರಯ ಬೇಡವೆಂದು ಆ ಪಾರ್ಟಿಷನ್ನನ್ನೇ ವರ್ಚುವಲ್‌ಬಾಕ್ಸ್‌ಗೆ (ಕಂಪ್ಯೂಟರಿನೊಳಗೇ ಇನ್ನೊಂದು ನಕಲಿ ಕಂಪ್ಯೂಟರನ್ನು, ಅಂದರೆ ವಿಎಂ ಅನ್ನು, ನಡೆಸುವ ತಂತ್ರಾಂಶ) ಕೊಟ್ಟು ಓಡಿಸುತ್ತಿದ್ದ. ವಿಎಂ ನಡೆಯುತ್ತಿದ್ದಾಗಲೇ ಒಂದು ಕಾನ್ಫಿಗ್ ಫೈಲ್ ಬೇಕಾಯಿತು, ಉಬುಂಟು ಕಡೆಯಿಂದ ಮೌಂಟ್ ಮಾಡಿ ಕಾಪಿ ಮಾಡಿಕೊಂಡ. ಸ್ವಲ್ಪ ಹೊತ್ತಿಗೆಲ್ಲ ಡೆಬಿಯನ್ ಇಎಕ್ಸ್‌ಟಿ4 (ಲಿನಕ್ಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಅಂದರೆ ಫೈಲ್‌ಸಿಸ್ಟಮ್) ಎರರ್ ಕಾರುತ್ತಾ ನಿಂತಿತು.

ಹುಡುಗ ಜಾಗರೂಕ. ಬಹಳ ಜನ ಫೈಲ್ ಮ್ಯಾನೇಜರಿನಲ್ಲಿ ಕ್ಲಿಕ್ ಮಾಡಿ ಬರೆಯುವ ಅನುಮತಿಯೊಂದಿಗೇ ತೆರೆಯುತ್ತಾರೆ. ಇವನು ಯೋಚಿಸಿ ರೀಡ್-ಓನ್ಲಿಯ ‘ಆರ್‌ಒ’ ಆಯ್ಕೆ ಕೊಟ್ಟಿದ್ದ. “ಓದಿದ್ದಷ್ಟೇ, ಬರೆದೇ ಇಲ್ವಲ್ಲ ಸರ್” ಅಂದ. ಉಬುಂಟುವಿನ ಕರ್ನಲ್ (ವ್ಯವಸ್ಥೆಯ ತಿರುಳು) ಬರೆದಿಟ್ಟ ಲಾಗ್ ತೆಗೆದು ನೋಡಿದರೆ ಎರಡು ಸಾಲು ಇತ್ತು: ರೀಡ್-ಓನ್ಲಿ ಫೈಲ್‌ಸಿಸ್ಟಮ್‌ಗೆ ರಿಕವರಿ ಬೇಕು, ರಿಕವರಿ ನಡೆಯುವಾಗ ಬರೆಯುವ ಅನುಮತಿ ಕೊಡಲಾಗುವುದು.

ಇಎಕ್ಸ್‌ಟಿ4 ಬಳಕೆಯಲ್ಲಿರುವಷ್ಟು ಹೊತ್ತೂ ‘ರಿಕವರಿ ಬೇಕು’ ಎಂಬ ಗುರುತು, ಫೈಲ್‌ಸಿಸ್ಟಮ್ಮಿನ ವಿವರ ಹೊತ್ತ ಸೂಪರ್‌ಬ್ಲಾಕಿನಲ್ಲಿ ಇರುತ್ತದೆ, ಸರಿಯಾಗಿ ಅನ್‌ಮೌಂಟ್ ಆದಾಗ ಹೋಗುತ್ತದೆ. ಡೆಬಿಯನ್ ವಿಎಂನಲ್ಲಿ ಜೀವಂತ ಇರುವುದು ಉಬುಂಟುವಿಗೆ, ಅಂದರೆ ಹೋಸ್ಟ್‌ಗೆ ಗೊತ್ತಿಲ್ಲ. ಗುರುತು ಕಂಡ ಕೂಡಲೇ ಕರೆಂಟ್ ಹೋಗಿ ಯಂತ್ರ ಆಫ್ ಆಗಿರಬೇಕು ಅಂದುಕೊಂಡು ಬದಲಾವಣೆಗಳನ್ನು ಮೊದಲೇ ಬರೆದಿಡುವ ಜರ್ನಲ್ಲಿನಲ್ಲಿದ್ದದ್ದನ್ನು ತಾನೇ ಡಿಸ್ಕಿಗೆ ಬರೆದು ಮುಗಿಸುತ್ತದೆ. ಅತ್ತ ಡೆಬಿಯನ್ ತನ್ನ ಮೆಮೊರಿಯಲ್ಲಿರುವುದೇ ನಿಜವೆಂದು ನಂಬಿ ಬರೆಯುತ್ತಲೇ ಹೋಗುತ್ತದೆ. ‘ನೋಲೋಡ್’ ಆಯ್ಕೆಯನ್ನೂ ಸೇರಿಸಿದ್ದರೆ ಜರ್ನಲ್ ಮುಟ್ಟುತ್ತಿರಲಿಲ್ಲ. ಆಗಲೂ ಸಿಗುವುದು ಅರೆಬರೆ ಹಳೆಯ ದತ್ತಾಂಶ. ಹೊಸದೆಲ್ಲ ವಿಎಂನ ಕ್ಯಾಶಿನಲ್ಲೇ (ತಾತ್ಕಾಲಿಕ ಮೆಮೊರಿ) ಇರುತ್ತದಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ವರ್ಚುವಲ್‌ಬಾಕ್ಸ್ ಆ ಪಾರ್ಟಿಷನ್ ತನ್ನೊಬ್ಬನದೇ ಎಂದು ಕರ್ನಲ್‌ಗೆ ಹೇಳುವುದಿಲ್ಲ, ಹಾಗಾಗಿ ಮೌಂಟ್ ತಡೆಯುವವರೂ ಇಲ್ಲ. ಪರ್ಮಿಷನ್ ತೊಂದರೆ ಬಂದರೆ ‘ಯೂಸರನ್ನು ಡಿಸ್ಕ್ ಗ್ರೂಪಿಗೆ ಸೇರಿಸಿ’ ಎಂದು ಕಣ್ಣುಮುಚ್ಚಿ ಹೇಳುವವರು ಎಲ್ಲೆಲ್ಲೂ ಇದ್ದಾರೆ. ಆ ಗ್ರೂಪು ಅಂದರೆ ಹೆಚ್ಚುಕಡಿಮೆ ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರ, ಎಲ್ಲ ಡಿಸ್ಕುಗಳ ಪ್ರತಿ ಸೆಕ್ಟರನ್ನೂ ಓದಬಹುದು, ಬರೆಯಬಹುದು. ಅದರ ಬದಲು ಆ ಒಂದೇ ಪಾರ್ಟಿಷನ್ನಿಗೆ ಯುಡೆವ್ (ಸಾಧನಗಳ ಹೆಸರು, ಅನುಮತಿ ನೋಡಿಕೊಳ್ಳುವ ವ್ಯವಸ್ಥೆ) ನಿಯಮ ಬರೆದರೆ ಸಾಕು. ಎಸ್‌ಡಿಎ5 ಎಂಬ ಪಾರ್ಟಿಷನ್ ಹೆಸರನ್ನೂ ನಂಬಬಾರದು. ಇನ್ನೊಂದು ಡಿಸ್ಕ್ ಸಿಕ್ಕಿಸಿದರೆ ಅಕ್ಷರ ಬದಲಾಗಬಹುದು. ಡಿಸ್ಕಿನ ಐಡಿ ಆಧರಿಸಿದ ಪಾಥ್ ಕೊಡಿ.

ರಿಪೇರಿಯ ಕ್ರಮ ಹೀಗಿತ್ತು: ವಿಎಂ ಆಫ್, ಮೌಂಟ್ ತೆಗೆದು, ಡಿಡಿ ಎಂಬ ನಕಲು ಕಮಾಂಡಿನಿಂದ ಪಾರ್ಟಿಷನ್ನಿನ ಪೂರ್ತಿ ಇಮೇಜ್ ಬೇರೆ ಡಿಸ್ಕಿಗೆ. ಆ ಇಮೇಜಿನ ಮೇಲೆ ಮೊದಲು ಏನನ್ನೂ ಬದಲಿಸದ ‘-ಎನ್’ ಆಯ್ಕೆಯಲ್ಲಿ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ತಪಾಸಣೆ), ಆಮೇಲೆ ನಿಜವಾದ ರಿಪೇರಿ. ಕೆಲವು ಫೈಲುಗಳು ಹೆಸರು ಕಳೆದುಕೊಂಡು, ಬರೀ ಐನೋಡ್ (ಫೈಲಿನ ಒಳಗುರುತು) ಸಂಖ್ಯೆ ಹೊತ್ತು ‘ಲಾಸ್ಟ್+ಫೌಂಡ್’ ಫೋಲ್ಡರಿನಲ್ಲಿ ಕೂತಿದ್ದವು. ಅವನು ಒಂದೊಂದನ್ನೇ ತೆರೆದು ಗುರುತು ಹಿಡಿಯುತ್ತಾ ಮತ್ತೆ ಅದೇ ಮಾತು: “ರೀಡ್-ಓನ್ಲಿ ಹಾಕಿಯೇ...” ತಪ್ಪು ಅವನದೆಂದು ಹೇಳಲು ಮನಸ್ಸು ಬರಲಿಲ್ಲ. ಆ ಆಯ್ಕೆ ಬಳಕೆದಾರ ಬರೆಯದಂತೆ ತಡೆಯುತ್ತದೆ, ಕರ್ನಲ್ಲನ್ನು ತಡೆಯುವುದಿಲ್ಲ. ಅದನ್ನು ಮೌಂಟ್ ಮಾಡುವವರ ಕಣ್ಣೆದುರೇ ಹೇಳಬೇಕಿತ್ತು, ಆಮೇಲೆ ಓದುವ ಲಾಗಿನಲ್ಲಲ್ಲ.

ಈಗ ಅವನ ಯಂತ್ರದಲ್ಲಿ ವ್ಯವಸ್ಥೆ ಬೇರೆ. 1 ಎಂಐಬಿಯ (2048 ಸೆಕ್ಟರ್) ಲೂಪ್ ಫೈಲಿನ (ಡಿಸ್ಕಿನಂತೆ ಬಳಸುವ ಫೈಲ್) ಬೆನ್ನಿಗೆ ಆ ಪಾರ್ಟಿಷನ್ನನ್ನು, ಡಿವೈಸ್ ಮ್ಯಾಪರ್ ಎಂಬ ಕರ್ನಲ್ ಸೌಲಭ್ಯದ ಕಮಾಂಡಾದ ಡಿಎಂಸೆಟಪ್‌ನ ಲೀನಿಯರ್ ಟಾರ್ಗೆಟ್‌ನಿಂದ ಜೋಡಿಸಿ, ಮುಂಭಾಗದಲ್ಲಿ ಎಂಬಿಆರ್ (ಪಾರ್ಟಿಷನ್ ಪಟ್ಟಿ, ಬೂಟ್ ಕೋಡ್ ಇರುವ ಮೊದಲ ಸೆಕ್ಟರ್) ಬರೆದು, ಆ ಜೋಡಿಯನ್ನು ಲಿನಕ್ಸಿನದೇ ವಿಎಂ ವ್ಯವಸ್ಥೆಯಾದ ಕೆವಿಎಂಗೆ ರಾ (ನೇರ) ಡಿಸ್ಕ್ ಆಗಿ, ಕ್ಯಾಶ್ ಇಲ್ಲದೆ ಕೊಟ್ಟಿದ್ದೇವೆ. ಬೂಟ್ ಮಾಡಿಸುವ ಗ್ರಬ್ ಆ ಎಂಬಿಆರ್‌ಗೇ ಇನ್‌ಸ್ಟಾಲ್ ಆಗುತ್ತದೆ, ಉಳಿದ ಪಾರ್ಟಿಷನ್‌ಗಳು ವಿಎಂಗೆ ಕಾಣುವುದೇ ಇಲ್ಲ. ಮುಖ್ಯವಾಗಿ, ಡಿವೈಸ್ ಮ್ಯಾಪರ್ ಪಾರ್ಟಿಷನ್ನನ್ನು ತನ್ನದೆಂದು ಹಿಡಿದಿಡುವುದರಿಂದ ಹೋಸ್ಟ್‌ನಲ್ಲಿ ಮೌಂಟ್ ಮಾಡಹೋದರೆ ‘ಬಿಜಿ’ ಎಂದು ನಿರಾಕರಿಸುತ್ತದೆ. ವಿಎಂ ನಡೆಯುತ್ತಿರುವಾಗ ಫೈಲ್ ಬೇಕಾದರೆ ನೆಟ್‌ವರ್ಕ್ ಮೂಲಕ ಕಾಪಿ ಮಾಡುವ ಎಸ್‌ಸಿಪಿ ಇದೆ. ಹೋಸ್ಟ್‌ನಿಂದಲೇ ತೆರೆಯಬೇಕೆಂದರೆ ಡೆಬಿಯನ್ನನ್ನು ಪೂರ್ತಿ ಶಟ್‌ಡೌನ್ ಮಾಡಿ ಜೋಡಿಯನ್ನು ಬಿಚ್ಚಬೇಕು. ಸೇವ್ ಸ್ಟೇಟ್ (ನಡೆಯುತ್ತಿದ್ದ ಸ್ಥಿತಿಯಲ್ಲೇ ನಿಲ್ಲಿಸಿಡುವುದು) ಮಾಡಿಟ್ಟರೆ ಸಾಲದು: ಹಳೆಯ ಕ್ಯಾಶ್ ಸಮೇತ ಮೆಮೊರಿ ಹಾಗೇ ಉಳಿದು, ಮತ್ತೆ ಎಬ್ಬಿಸಿದಾಗ ಇದೇ ಗತಿ.