ಹಗರಿ ಹೊಳೆಯಲ್ಲಿ ಇಷ್ಟು ಮರಳಿದೆ, ಚಿಪ್ ಕಾರ್ಖಾನೆ ಯಾಕಿಲ್ಲ?

ಬಳ್ಳಾರಿಯಲ್ಲಿ ಕೆಟ್ಟ ಬೋರ್ಡು ರಿಪೇರಿ ಮಾಡುವುದು ನನ್ನ ಕಸುಬು. ಹೋದ ವಾರ ಜೀನ್ಸ್ ಯೂನಿಟ್‌ನವರೊಬ್ಬರು ಹೊಲಿಗೆ ಯಂತ್ರದ ಬೋರ್ಡು ತಂದಿಟ್ಟು, ಎಲ್ಲರೂ ಕೇಳುವುದನ್ನೇ ಕೇಳಿದರು: "ಅಣ್ಣಾ, ಚಿಪ್ಪು ಮರಳಿಂದ ಮಾಡ್ತಾರಂತಲ್ಲ? ನಮ್ಮ ಹಗರ್ಯಾಗ ಮರಳಿಗೇನು ಬರ ಐತಿ? ಫ್ಯಾಕ್ಟ್ರಿ ಯಾಕ ಗುಜರಾತಿಗೇ ಹೋಗ್ತಾವ?"

ಭೂತಗನ್ನಡಿ ಹಿಡಿದು ಸುಟ್ಟ ಚಿಪ್ ತೋರಿಸಿದೆ. ಬೆನ್ನ ಮೇಲೆ 'ಮಲೇಷ್ಯಾ' ಎಂದು ಅಚ್ಚಾಗಿತ್ತು. ಅದು ಹುಟ್ಟಿದ ಊರೇ ಆಗಬೇಕಿಲ್ಲ. ಬೇರೆಲ್ಲೋ ತಯಾರಾದ ಸಿಲಿಕಾನ್ ಬಿಲ್ಲೆಯನ್ನು ಚೂರು ಮಾಡಿ, ಕಾಲು ಕೂಡಿಸಿ, ಕರೀ ಕವಚ ತೊಡಿಸುವ ಊರೂ ಇರಬಹುದು. ಗುಜರಾತಿನ ಸಾನಂದದಲ್ಲಿ ಅಮೆರಿಕದ ಚಿಪ್ ಕಂಪನಿ ಮೈಕ್ರಾನ್ ಕೈಹಾಕಿದ್ದೂ ಈ ಕೆಲಸಕ್ಕೇ. 2023ರಲ್ಲಿ ಒಪ್ಪಿಗೆಯಾದ ಆ ಯೋಜನೆಗೆ 275 ಕೋಟಿ ಡಾಲರ್ ಖರ್ಚು. ಅರ್ಧ ಕೇಂದ್ರದ್ದು, ಶೇ 20 ಗುಜರಾತ್ ಸರ್ಕಾರದ್ದು. ಕಂಪನಿ ಹಾಕುವುದು ರೂಪಾಯಿಗೆ ಮೂವತ್ತು ಪೈಸೆ.

ಉಕ್ಕಿಗಾದರೆ ಅದಿರು ಬೇಕು, ಅದಕ್ಕೆ ನಮ್ಮಲ್ಲಿಗೆ ಬರಲೇಬೇಕಿತ್ತು. ಆದರೂ 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ಅಡಿಗಲ್ಲು ಹಾಕಿ ಹೋದ ಸರ್ಕಾರಿ ಕಾರ್ಖಾನೆ ಮೇಲೇಳಲಿಲ್ಲ. ತೊಂಬತ್ತರ ದಶಕದಲ್ಲಿ ಜಿಂದಾಲ್ ಬಂದ ಮೇಲೇ ಅಲ್ಲಿ ಕುಲುಮೆ ಹೊತ್ತಿದ್ದು. ಗುಡ್ಡದಷ್ಟು ಅದಿರಿಟ್ಟುಕೊಂಡ ನಮ್ಮ ಪಾಡೇ ಹೀಗೆ. ಚಿಪ್ಪಿನಲ್ಲಿ ಮರಳಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಕಣ್ಣು ಮಿಟುಕಿಸದ ಕರೆಂಟು, ಅತಿ ಶುದ್ಧ ನೀರು, ರಾಶಿ ದುಡ್ಡು ಬೇಕು. ಇವನ್ನೆಲ್ಲ ಯಾವ ರಾಜ್ಯ ಮೊದಲು ಕೈಗಿಡುತ್ತದೋ, ದಿಲ್ಲಿಯಲ್ಲಿ ಯಾರ ಮಾತು ನಡೆಯುತ್ತದೋ ಅಲ್ಲಿಗೆ ಕಾರ್ಖಾನೆ ಹೋಗುತ್ತದೆ ಅನ್ನುವುದು ನನ್ನ ಅನಿಸಿಕೆ. ಮೈಸೂರಿಗೆ 2022ರಲ್ಲಿ 22,900 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗೆ ಒಪ್ಪಂದವಾಗಿತ್ತು, ಕಾಗದದಲ್ಲೇ ಉಳಿಯಿತು. ಮೈಸೂರಿನದೇ ಕೇನ್ಸ್ ಕಂಪನಿ ತನ್ನ ಚಿಪ್ ಘಟಕ ಕಟ್ಟಿದ್ದು ಸಾನಂದದಲ್ಲಿ!

2024ರ ಜೂನ್‌ನಲ್ಲಿ, ಆಗಷ್ಟೇ ಕೇಂದ್ರದ ಉಕ್ಕು ಸಚಿವರಾಗಿದ್ದ ಎಚ್.ಡಿ. ಕುಮಾರಸ್ವಾಮಿ ಆ ಮೈಕ್ರಾನ್ ಯೋಜನೆಯ ಲೆಕ್ಕ ಬಿಡಿಸಿದರು: 5,000 ಉದ್ಯೋಗಕ್ಕೆ ಇಷ್ಟು ಸಬ್ಸಿಡಿ, ಅಂದರೆ ತಲೆಗೆ 3.2 ಕೋಟಿ ರೂಪಾಯಿ. ಆಮೇಲೆ ಸಮಜಾಯಿಷಿಯನ್ನೂ ಕೊಟ್ಟರು. ಯಾಕೆ ಕೊಟ್ಟರೋ, ಲೆಕ್ಕವಂತೂ ತಪ್ಪಿರಲಿಲ್ಲ. ಸಬ್ಸಿಡಿಯೇ ಬೇಡ ಎನ್ನುವವನು ನಾನಲ್ಲ, ಅಮೆರಿಕವೇ 2022ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. ಆದರೆ ಕೇಂದ್ರದ ಆ ಅರ್ಧದಲ್ಲಿ ನಮ್ಮ ಜೀನ್ಸ್ ಯೂನಿಟ್ ಕಟ್ಟಿದ ಜಿಎಸ್‌ಟಿಯೂ ಇದೆ. ಜಾಗ ಆರಿಸಿದ್ದು ಯಾವ ಅಳತೆಗೋಲಿನಿಂದ ಅಂತ ನಮಗೂ ಹೇಳಲಿ.

ಬೋರ್ಡು ತಂದವರು ಎಲ್ಲ ಕೇಳಿಸಿಕೊಂಡು, "ಹಂಗಾರ ಮರಳು ಲಾರಿಗೇ ಇರ್ಲಿ ಬಿಡಣ್ಣ. ಬೋರ್ಡು ಯಾವಾಗ ಕೊಡ್ತಿ?" ಅಂದರು. ಚಿಪ್ ಚೀನಾದಿಂದ ಬರಬೇಕು, ಹದಿನೈದು ದಿನ ಅಂದೆ.